ಕಸ ಬೇಗ ಹೋಯಿತು, ನೆಲದ ಎತ್ತರದ ಮಾತು ಬರಲಿಲ್ಲ

ಒಂದೇ ವರ್ಷದಲ್ಲಿ ಎರಡು ಬಿರುಗಾಳಿಗಳಿಗೆ ಸಿಕ್ಕ ಕಡಲತಡಿಯ ಪಟ್ಟಣವೊಂದರ ನಿವಾಸಿ ನಾನು. ಆ ನಂತರದ ಹದಿನಾಲ್ಕು ತಿಂಗಳಲ್ಲಿ ನಮ್ಮ ಪುರಸಭೆ ಕೊಟ್ಟ ಸೇವೆಗೆ ಐದರಲ್ಲಿ ಮೂರು ಅಂಕ ಕೊಡುತ್ತಿದ್ದೇನೆ. ಇದು ಕೋಪದಿಂದಾಗಲಿ ಕೃತಜ್ಞತೆಯಿಂದಾಗಲಿ ಕೊಟ್ಟ ಅಂಕವಲ್ಲ. ಸಾಮಾನ್ಯ ಸಭೆಗಳಲ್ಲಿ ಹೆಚ್ಚಿನವಕ್ಕೆ ಹೋಗಿ ಕುಳಿತು, ನಡಾವಳಿಗಳನ್ನು ಓದಿ, ನನ್ನ ಮನೆಯ ಹಾನಿಗಾಗಿ ಒಂದು ಅರ್ಜಿಯನ್ನೂ ಒಂದು ಆಕ್ಷೇಪಣೆಯನ್ನೂ ಸಲ್ಲಿಸಿದ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೆಚ್ಚಿಕೆಯ ಮಾತು. ಬಿದ್ದದ್ದನ್ನು ತೆಗೆಯುವ ಕೆಲಸವನ್ನು ಪುರಸಭೆ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಮಾಡಿತು. ಮರ, ಇಟ್ಟಿಗೆ ಕಲ್ಲು, ನೀರು ನುಗ್ಗಿ ಕೆಟ್ಟ ಫ್ರಿಜ್ಜು ಮುಂತಾದ ಸಾಮಾನು, ಚಾವಣಿಯ ಶೀಟು, ಇವನ್ನೆಲ್ಲ ಮನೆಯ ಮುಂದೆಯೇ ಬೇರೆ ಬೇರೆ ರಾಶಿ ಮಾಡಿಡಬೇಕೆಂದು ಮೂರನೇ ದಿನವೇ ಡಂಗುರ ಸಾರಿಸಿದರು. ಒಮ್ಮೆ ಕಲಸಿಹೋದ ಅವಶೇಷವನ್ನು ಮತ್ತೆ ಬೇರ್ಪಡಿಸಲು ಯಾರೂ ಹಣ ಕೊಡುವುದಿಲ್ಲ, ಅದು ನೇರವಾಗಿ ಗುಂಡಿ ಸೇರುತ್ತದೆ ಎಂಬುದನ್ನು ಬಲ್ಲವರು ಯಾರೋ ಆ ಕಚೇರಿಯಲ್ಲಿದ್ದಾರೆ. ಒಡೆದ ಆಸ್‌ಬೆಸ್ಟಾಸ್ ಶೀಟುಗಳಿಂದ ಏಳುವ ಧೂಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳ ನಂತರ ಕಾಯಿಲೆಯಾಗಿ ಕಾಣಿಸಿಕೊಳ್ಳುವುದರಿಂದ, ಅವನ್ನು ನೀರಿನಲ್ಲಿ ನೆನೆಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಯ್ದರು. ಇದಕ್ಕಿಂತಲೂ ನನಗೆ ಹಿಡಿಸಿದ್ದು ಮರಳಿನ ವಿಷಯ. ಬೀದಿಗೆ ಬಂದು ಬಿದ್ದ ಮರಳನ್ನು ಕಸದೊಂದಿಗೆ ಸಾಗಿಸದೆ, ಜರಡಿ ಹಿಡಿದು ಗಾಜು, ಮೊಳೆಗಳನ್ನು ತೆಗೆದು, ಮತ್ತೆ ಕಡಲ ದಂಡೆಗೇ ಸುರಿದರು. ದಂಡೆಯ ಮರಳೇ ಅಲೆಯ ಮೊದಲ ಹೊಡೆತವನ್ನು ತಾಳಿಕೊಳ್ಳುವ ಗೋಡೆ. ಅದನ್ನು ಲಾರಿಗಟ್ಟಲೆ ಹೊರಗೆ ಸಾಗಿಸುವ ಊರು ಮುಂದಿನ ಬಿರುಗಾಳಿಗೆ ತಾನೇ ದಾರಿ ಬಿಟ್ಟುಕೊಡುತ್ತದೆ.

ಹಾನಿ ಸಮೀಕ್ಷೆಯ ಬಗ್ಗೆ ಇಷ್ಟು ನಿರಾಳವಾಗಿ ಹೇಳಲಾರೆ. ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿ, ಆಕ್ಷೇಪಣೆಗೆ ಎರಡು ವಾರ ಅವಕಾಶ ಕೊಟ್ಟದ್ದು ಸರಿಯಾದ ನಿರ್ಧಾರ. ನನ್ನ ಮನೆಯನ್ನು ‘ಅಲ್ಪ ಹಾನಿ’ ಎಂದು ಬರೆದುಕೊಂಡಿದ್ದರು. ಉಪ್ಪುನೀರು ಹೊಕ್ಕ ವೈರಿಂಗ್ ಮೊದಲ ವಾರ ಸರಿಯಾಗಿಯೇ ಕಾಣುತ್ತದೆ, ತುಕ್ಕು ಹಿಡಿದು ಕೆಡುವುದು ತಿಂಗಳುಗಳ ನಂತರ ಎಂದು ನಾನು ಬರೆದುಕೊಟ್ಟ ಮೇಲೆ ಮತ್ತೆ ಬಂದು ನೋಡಿದರು, ಎರಡನೇ ಬಿರುಗಾಳಿಯ ಹೊತ್ತಿಗೆ ನಮೂನೆಯಲ್ಲಿಯೇ ಅದಕ್ಕೊಂದು ಕಾಲಂ ಸೇರಿತ್ತು. ಹೇಳಿದ್ದನ್ನು ಕೇಳಿಸಿಕೊಳ್ಳುವ ಕಚೇರಿ ದೊಡ್ಡ ಸಂಗತಿ. ಆದರೆ ಇಡೀ ಪಟ್ಟಿಯನ್ನು ಮನೆ ಕಂದಾಯದ ಪುಸ್ತಕದಿಂದ ತಯಾರಿಸಿದ್ದರಿಂದ ಬಾಡಿಗೆದಾರರು ಅದರಲ್ಲಿ ಇರಲೇ ಇಲ್ಲ. ಗೋಡೆಯ ಪರಿಹಾರ ಮಾಲೀಕರಿಗೆ ಬಂತು. ಗೋಡೆಯೊಳಗೆ ಬಾಳುತ್ತಿದ್ದವರ ಹಾಸಿಗೆ, ಹೊಲಿಗೆ ಯಂತ್ರ, ಮಕ್ಕಳ ಪುಸ್ತಕಗಳಿಗೆ ಯಾವ ಕಾಲಮ್ಮೂ ಇರಲಿಲ್ಲ. ಮೂರು ಸಭೆಗಳಲ್ಲಿ ಈ ಪ್ರಶ್ನೆ ಬಂದಿದೆ, ಮೂರು ಸಲವೂ ‘ಪರಿಶೀಲಿಸಲಾಗುವುದು’ ಎಂದು ದಾಖಲಾಗಿದೆ.

ನಾನು ಎರಡು ಅಂಕ ಕಳೆದದ್ದಕ್ಕೆ ಮುಖ್ಯ ಕಾರಣ ಬೇರೆ. ತಡೆಗೋಡೆಯ ಠರಾವು ಒಂದೇ ಸಭೆಯಲ್ಲಿ, ಅರ್ಧ ಗಂಟೆಯೊಳಗೆ ಅಂಗೀಕಾರವಾಯಿತು. ಗೋಡೆಯ ಹಿಂದಿರುವ ನೆಲದ ಎತ್ತರದ ಬಗ್ಗೆ ಒಂದು ಮಾತೂ ಬರಲಿಲ್ಲ. ಕಲ್ಲು ಅಥವಾ ಕಾಂಕ್ರೀಟಿನ ಗೋಡೆ ಅಲೆಯನ್ನು ಹಿಂದಕ್ಕೆ ತಳ್ಳಿದಾಗ, ಹಾಗೆ ಮರಳುವ ನೀರು ಬುಡದ ಮರಳನ್ನು ಕೆರೆದು ಒಯ್ಯುತ್ತದೆ, ಗೋಡೆ ಮುಗಿಯುವ ತುದಿಯಲ್ಲಿ ಪಕ್ಕದವರ ದಂಡೆ ಮೊದಲಿಗಿಂತ ಬೇಗ ಕೊರೆದುಹೋಗುತ್ತದೆ. ಮಳೆನೀರು ಹೊರಗೆ ಹೋಗುವ ಚರಂಡಿಯ ಬಾಯಿಗೆ ಕವಾಟವಿಲ್ಲದಿದ್ದರೆ, ಅಲೆ ಗೋಡೆ ಹತ್ತದಿದ್ದರೂ ಕಡಲು ಅದೇ ಚರಂಡಿಯಲ್ಲಿ ಹಿಮ್ಮುಖವಾಗಿ ಊರೊಳಗೆ ಬರುತ್ತದೆ. ಎರಡನೇ ಬಿರುಗಾಳಿಯಲ್ಲಿ ನಮ್ಮ ಬೀದಿಗೆ ನೀರು ಬಂದದ್ದು ಹಾಗೆಯೇ.

ಈ ಮಾತಿಗೆ ಅಮೆರಿಕದ ಟೆಕ್ಸಸ್ ರಾಜ್ಯದ ಗ್ಯಾಲ್ವೆಸ್ಟನ್ ನಗರವನ್ನು ನೆನೆಯುವುದು ಅವಶ್ಯ. 1900ರ ಸೆಪ್ಟೆಂಬರ್ 8ರಂದು ಅಲ್ಲಿಗೆ ಅಪ್ಪಳಿಸಿದ ಚಂಡಮಾರುತದಲ್ಲಿ ಕನಿಷ್ಠ 6,000 ಜನ ಸತ್ತರು. ಅಲ್ಲಿನವರು ಮೊದಲು ತಮ್ಮ ನಗರಾಡಳಿತದ ರೀತಿಯನ್ನೇ ಬದಲಿಸಿ, ಒಬ್ಬೊಬ್ಬರಿಗೆ ಒಂದೊಂದು ಇಲಾಖೆಯ ಹೊಣೆಯಿರುವ ಆಯೋಗದ ಕೈಗೆ ಊರನ್ನು ಕೊಟ್ಟರು. 1902ರಲ್ಲಿ ಆರಂಭಿಸಿ 1904ರಲ್ಲಿ ಮುಗಿಸಿದ 17 ಅಡಿ ಎತ್ತರದ, ಮೂರು ಮೈಲಿಗೂ ಉದ್ದದ ಗೋಡೆ ಅವರ ಕೆಲಸದ ಒಂದು ಪಾಲು ಮಾತ್ರ. ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ಜಾಕ್ ಕೊಟ್ಟು ಮೇಲೆತ್ತಿ, ಕಡಲಿನಿಂದ ಹೂಳೆತ್ತಿದ ಮರಳನ್ನು ನೀರಿನೊಂದಿಗೆ ಕೊಳವೆಗಳಲ್ಲಿ ತಂದು ಅವುಗಳ ಅಡಿಗೆ ತುಂಬಿ, ಊರಿನ ನೆಲವನ್ನೇ ಎತ್ತರಿಸಿದರು. ತುಂಬುವ ಖರ್ಚು ಸಾರ್ವಜನಿಕ, ತನ್ನ ಮನೆಯನ್ನು ಎತ್ತಿಸುವ ಖರ್ಚು ಮಾಲೀಕನದು ಎಂದು ಮೊದಲೇ ತೀರ್ಮಾನವಾಗಿತ್ತು. ಜನ ವರ್ಷಗಳ ಕಾಲ ಹಲಗೆಯ ಕಾಲುದಾರಿಗಳ ಮೇಲೆ ಓಡಾಡಿದರು. 1915ರಲ್ಲಿ ಮತ್ತೊಂದು ದೊಡ್ಡ ಚಂಡಮಾರುತ ಬಂದಾಗ ನಗರದೊಳಗಿನ ಸಾವು 1900ರದರ ತೀರ ಸಣ್ಣ ಪಾಲಿನಷ್ಟಿತ್ತು. ಅಲ್ಲಿಯೂ ಗೋಡೆಯ ಮುಂದಿನ ದಂಡೆ ಕರಗಿ, ಮುಂದೆ ಹೊರಗಿನಿಂದ ಮರಳು ತಂದು ಸುರಿಯಬೇಕಾಯಿತು ಎಂಬುದನ್ನೂ ಮರೆಯಬಾರದು.

ನಮ್ಮ ಪುರಸಭೆ ಊರನ್ನೇ ಎತ್ತರಿಸಬೇಕಿತ್ತು ಎಂದು ನಾನು ವಾದಿಸುತ್ತಿಲ್ಲ. ಅಷ್ಟು ಹಣ ಎಲ್ಲಿಂದ ಬರಬೇಕೆಂದು ನನಗೂ ಅರಿವಿದೆ, ದಿನಗೂಲಿಯಲ್ಲಿ ಬದುಕುವ ಮನೆಗೆ ಮೂರಡಿ ಜಗಲಿ ಎತ್ತುವುದೂ ಸಣ್ಣ ಮಾತಲ್ಲ. ಆದರೆ ಕುಸಿದ ಮನೆಗಳಿಗೆ ಮೊದಲಿನ ಮಟ್ಟದಲ್ಲಿಯೇ, ಮೊದಲಿನ ಜಾಗದಲ್ಲಿಯೇ ಕಟ್ಟಿಕೊಳ್ಳಲು ಪರವಾನಗಿ ಕೊಡುವ ನಿರ್ಧಾರವೂ ಒಂದು ನಿರ್ಧಾರವೇ. ಯಾವ ಎತ್ತರಕ್ಕೆ ನೀರು ಬಂದಿತ್ತು, ಯಾವ ಬೀದಿಗೆ ಮತ್ತೆ ಬರುತ್ತದೆ, ಅಲ್ಲಿ ಅಡಿಪಾಯ ಎತ್ತರಿಸುವವರಿಗೆ ನೆರವೇನು, ಬೇರೆಡೆಗೆ ಹೋಗಲು ಒಪ್ಪುವವರಿಗೆ ನಿವೇಶನವೆಲ್ಲಿ ಎಂಬ ನಾಲ್ಕು ಪ್ರಶ್ನೆಗಳು ಸಭೆಯ ಮುಂದೆ ಬರದೆಯೇ ಅದು ಆಗಿಹೋಯಿತು. ಆತುರದಲ್ಲಿದ್ದ ನೆರೆಹೊರೆಯವರಿಗೆ ಅದು ಉಪಕಾರದಂತೆ ಕಂಡಿತು. ಅವರ ಮಕ್ಕಳು ಅದೇ ಮಟ್ಟದ ನೆಲದ ಮೇಲೆ ಮಲಗುತ್ತಿದ್ದಾರೆ ಎಂದು ನೆನೆದಾಗ ನನಗೆ ಸಂಕಟವಾಗುತ್ತದೆ.

ಆಶ್ರಯ ಕೇಂದ್ರದ ಬಗ್ಗೆ ಒಂದೇ ಮಾತು. ಒಡಿಶಾದಲ್ಲಿ 1999ರ ಮಹಾಚಂಡಮಾರುತ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಿತು; 2013ರ ಫೈಲಿನ್ ವೇಳೆ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸಾವು ಹತ್ತಾರರಲ್ಲಿ ನಿಂತಿತು. ನಮ್ಮಲ್ಲಿ ಕಟ್ಟಡಕ್ಕೆ ಹೊಸ ಬಣ್ಣ ಬಂದಿದೆ, ಆದರೆ ಎರಡನೇ ಬಿರುಗಾಳಿಯ ರಾತ್ರಿ ಅದರ ಬೀಗದ ಕೈ ಒಬ್ಬರೇ ನೌಕರರ ಬಳಿ ಇತ್ತು, ಅವರ ಮನೆಯಿಂದ ಬರುವ ದಾರಿ ನೀರಿನಲ್ಲಿ ಮುಳುಗಿತ್ತು. ಈಗ ವಾರ್ಡಿಗೆ ಮೂವರಿಗೆ ಕೀಲಿ ಕೊಟ್ಟಿದ್ದಾರೆ.

ಕಳೆದ ವಾರ ಎಂಜಿನಿಯರ್ ವಿಭಾಗದ ಇಬ್ಬರು ಬಂದು, ಮನೆ ಮನೆಯಲ್ಲಿ ಕೇಳಿ, ನಮ್ಮ ಬೀದಿಯ ದೀಪದ ಕಂಬಗಳ ಮೇಲೆ ನೀರು ನಿಂತ ಮಟ್ಟಕ್ಕೆ ಕೆಂಪು ಗೆರೆ ಎಳೆದು ಹೋದರು. ನನ್ನ ಎದೆಗಿಂತ ಸ್ವಲ್ಪ ಕೆಳಗಿದೆ. ಆ ಗೆರೆಯ ಅಳತೆ ಕಟ್ಟಡ ಪರವಾನಗಿಯ ಅರ್ಜಿಯಲ್ಲಿಯೂ ಕಾಣಿಸಿಕೊಂಡರೆ ಈ ಅಂಕವನ್ನು ನಾಲ್ಕಕ್ಕೆ ತಿದ್ದುತ್ತೇನೆ, ಬಾಡಿಗೆದಾರರ ಹೆಸರು ಪಟ್ಟಿಗೆ ಸೇರಿದ ದಿನ ಐದಕ್ಕೆ.