ಅಮೆರಿಕದ ಮಾಜಿ ಸೈನಿಕರ ಟಿಡಿಐಯು: ಸೌಲಭ್ಯ ಒಳ್ಳೆಯದು, ಕಾಗದಪತ್ರದ ಕಾಟ ಹೆಚ್ಚು

ಸೇನೆಯಲ್ಲಿ ಅಂಟಿದ ಗಾಯ, ಕಾಯಿಲೆಯಿಂದ ಕಾಯಂ ಕೆಲಸ ಮಾಡಲಾಗದವರಿಗೆ, ರೇಟಿಂಗ್ (ಅಂಗವೈಕಲ್ಯ ಎಷ್ಟೆಂದು ಇಲಾಖೆ ಹಾಕುವ ಶೇಕಡಾ ಲೆಕ್ಕ) ಕಡಿಮೆಯಿದ್ದರೂ ಮಾಜಿ ಸೈನಿಕರನ್ನು ನೋಡಿಕೊಳ್ಳುವ ವೆಟರನ್ಸ್ ಅಫೇರ್ಸ್ ಇಲಾಖೆ ಶೇ. 100ರ ದರದಲ್ಲೇ ಹಣ ಕೊಡುತ್ತದೆ. ಇದೇ ಟಿಡಿಐಯು. ಒಂದೇ ತೊಂದರೆಗೆ ಶೇ. 60 ಇರಬೇಕು, ಇಲ್ಲವೇ ಹಲವು ಸೇರಿ 70, ಅದರಲ್ಲಿ ಒಂದಾದರೂ 40. ಕೂಡುವ ಲೆಕ್ಕ ಮಾತ್ರ ವಿಚಿತ್ರ: 50ಕ್ಕೆ 40 ಸೇರಿದರೆ 90 ಅಲ್ಲ, 70. ಉಳಿದ 50ರಲ್ಲಿ ಶೇ. 40, ಅಂದರೆ 20 ಅಷ್ಟೇ ಸೇರುವುದು.

ಅರ್ಜಿ 21-8940 ಫಾರಂನಲ್ಲಿ. 21-4192 ಹಿಂದಿನ ಮಾಲೀಕರು ತುಂಬುವಂಥದ್ದು. ಕಂಪನಿಯೇ ಮುಚ್ಚಿದ್ದರೆ ಅದನ್ನು ಬರೆದು ತಿಳಿಸಿ. ಅರ್ಜಿ ಸೊರಗುವುದು ಬಹುಪಾಲು ವೈದ್ಯರ ಪತ್ರದಲ್ಲಿ. 'ಕೆಲಸ ಮಾಡಲಾರರು' ಎಂಬ ಒಂದು ಸಾಲು ಸಾಲದು. ಎಷ್ಟು ಹೊತ್ತು ಕೂರಬಲ್ಲರು, ಎಷ್ಟು ಭಾರ ಎತ್ತಬಲ್ಲರು, ತಿಂಗಳಿಗೆ ಎಷ್ಟು ದಿನ ಕೆಲಸ ತಪ್ಪುತ್ತದೆ ಎಂದು ಬರೆಸಿ. ವಯಸ್ಸು, ಸೇವೆಗೆ ಸಂಬಂಧಿಸದ ಕಾಯಿಲೆ ಇಲ್ಲಿ ಲೆಕ್ಕಕ್ಕಿಲ್ಲ.

ಮೆಚ್ಚಬೇಕಾದ್ದು: ವರ್ಷದ ಗಳಿಕೆ ಬಡತನ ಮಿತಿಯೊಳಗಿದ್ದರೆ ಸಣ್ಣಪುಟ್ಟ ಕೆಲಸ ಸಾಮಾನ್ಯವಾಗಿ ಅಡ್ಡಿಯಲ್ಲ. ತಿರಸ್ಕಾರವಾದರೆ ಒಂದು ವರ್ಷದೊಳಗೆ ಮರುಪರಿಶೀಲನೆ ಕೇಳಿ. ಹೊಸ ಸಾಕ್ಷ್ಯವಿದ್ದರೆ ಫಾರಂ 20-0995, ಇಲ್ಲದಿದ್ದರೆ 20-0996.