ಡೇಟಾಬೇಸ್ ಟೇಬಲ್ ನೋಡಿಕೊಂಡು ಸ್ಕ್ರೀನ್ ಮಾಡಬೇಡಿ: ದಾವಣಗೆರೆಯ ಒಂದು ಆ್ಯಪ್‌ಗೆ ಆದದ್ದು

ಕೋಡ್ ಬರೆಯುವವರಿಗೇ "ಡಿಸೈನೂ ನೀವೇ ನೋಡ್ಕೊಳ್ರಿ" ಎನ್ನುವ ಸಣ್ಣ ಕಂಪನಿಗಳು ನಮ್ಮ ಕಡೆ ಸಾಕಷ್ಟಿವೆ. ಕೆಲಸ ಮಾಡುತ್ತಲೇ ಕಲಿಯುವುದರಲ್ಲಿ ತಪ್ಪಿಲ್ಲ. ಆದರೆ ದಾವಣಗೆರೆಯ ಮೆಕ್ಕೆಜೋಳದ ದಲ್ಲಾಲಿ ಅಂಗಡಿಗಳಿಗೆಂದು ತಯಾರಾದ ಒಂದು ಆ್ಯಪ್ ಒಂದೇ ಸುಗ್ಗಿಯಲ್ಲಿ ಮೂಲೆ ಸೇರಿತು. ಅದು ಹೇಗೆ ಕೆಟ್ಟಿತೆಂಬುದು ಈ ಜವಾಬ್ದಾರಿ ಹೊತ್ತ ಪ್ರತಿ ಡೆವಲಪರ್‌ಗೂ ಗೊತ್ತಿರಬೇಕು.

ಬಣ್ಣ, ಐಕಾನ್‌ಗಳಿಂದ ಅದು ಕೆಡಲಿಲ್ಲ. ಡೇಟಾಬೇಸ್‌ನ ತೂಕದ ಟೇಬಲ್‌ನಲ್ಲಿದ್ದ ಪ್ರತಿ ಕಾಲಂಗೂ ಒಂದೊಂದು ಖಾನೆ ಮಾಡಿ, ಅದೇ ಕ್ರಮದಲ್ಲಿ ಸ್ಕ್ರೀನ್ ಮೇಲೆ ಇಳಿಸಿದ್ದರು. ತುಂಬಿದ ತೂಕ, ಖಾಲಿ ತೂಕ ಎರಡೂ 'ನಾಟ್ ನಲ್', ಅಂದರೆ ಬರಿದಾಗಿ ಬಿಡುವಂತಿಲ್ಲ. ಎರಡನ್ನೂ ಹಾಕದೆ ಸೇವ್ ಆಗುತ್ತಿರಲಿಲ್ಲ. ಆದರೆ ಗಾಡಿ ತೂಗುವ ವೇ ಬ್ರಿಡ್ಜ್ ಮೇಲೆ ಟ್ರ್ಯಾಕ್ಟರ್ ಮೊದಲು ಮಾಲಿನ ಸಮೇತ ಹತ್ತುತ್ತದೆ. ಹಮಾಲರು ಚೀಲ ಇಳಿಸಿ, ಅದು ಖಾಲಿಯಾಗಿ ಮರಳುವುದು ಎಷ್ಟೋ ಹೊತ್ತಿನ ಮೇಲೆ. ಹಿಂದೆ ಗಾಡಿಗಳು ಸಾಲುಗಟ್ಟಿರುವಾಗ ಗುಮಾಸ್ತ ಏನು ಮಾಡಿಯಾನು? ಖಾಲಿ ತೂಕಕ್ಕೆ 1 ಒತ್ತಿ ಸೇವ್ ಮಾಡುತ್ತಿದ್ದ. ಆಮೇಲೆ ತಿದ್ದಲು ಮರೆತರೆ ಮುಗಿಯಿತು: 7,000 ಕೆಜಿ ತೂಗಿದ ಗಾಡಿಗೆ 6,999 ಕೆಜಿಯ ಬಿಲ್. ಟ್ರ್ಯಾಕ್ಟರ್, ಟ್ರೇಲರ್‌ಗಳ ಕಬ್ಬಿಣಕ್ಕೂ ಮೆಕ್ಕೆಜೋಳದ ದರ! ಅಂಗಡಿಯವರು ರಸೀದಿ ಪುಸ್ತಕಕ್ಕೆ ಮರಳಿದರು. ಲೆಕ್ಕದ ಕೋಡ್‌ನಲ್ಲಿ ಒಂದೂ ಬಗ್ ಇರಲಿಲ್ಲ, ಟೆಸ್ಟ್‌ಗಳೆಲ್ಲ ಪಾಸ್ ಆಗಿದ್ದವು. ಅದಕ್ಕೇ ಈ ಬಗೆಯ ದೋಷ ಡೆವಲಪರ್ ಕಣ್ಣಿಗೆ ಬೀಳುವುದಿಲ್ಲ.

ಖಾಲಿ ತೂಕ ಬರುವವರೆಗೆ ಆ ಕಾಲಂ ಖಾಲಿಯೇ ಇರಲಿ. ತೂಕದ ಚೀಟಿಗೆ 'ತೂಕ ಬಾಕಿ' ಎಂಬ ಸ್ಥಿತಿ ಕೊಟ್ಟು, ಬಾಕಿ ಇರುವ ಗಾಡಿಗಳನ್ನು ನಂಬರ್ ಸಮೇತ ಮೊದಲ ಸ್ಕ್ರೀನ್‌ನ ಮೇಲ್ಭಾಗದಲ್ಲೇ ತೋರಿಸಿ. ಎರಡೂ ತೂಕ ಸಿಕ್ಕ ಮೇಲಷ್ಟೇ ಬಿಲ್ ಆಗಲಿ. ಅಂಕಿ ಅನುಮಾನ ಹುಟ್ಟಿಸುವಂತಿದ್ದರೆ 'ಇನ್‌ವ್ಯಾಲಿಡ್' ಎಂದು ಕೆಂಪು ಅಕ್ಷರದಲ್ಲಿ ಗದರಿಸದೆ, "ಖಾಲಿ ತೂಕ 1 ಕೆಜಿ ಎಂದಿದೆ, ಸರಿಯೇ?" ಎಂದು ಕೇಳಿ.

ಇನ್ನು ಖಾನೆಯ ಹೆಸರನ್ನು ಪ್ಲೇಸ್‌ಹೋಲ್ಡರ್ ಆಗಿ, ಅಂದರೆ ಖಾನೆಯೊಳಗಿನ ಮಸುಕು ಸುಳಿವಾಗಿ, ಇಟ್ಟಿದ್ದರು. ಒಂದಂಕಿ ಒತ್ತಿದರೂ ಅದು ಮಾಯ. ಆಮೇಲೆ ಯಾವುದು ತುಂಬಿದ ತೂಕದ ಖಾನೆ, ಯಾವುದು ಖಾಲಿ ತೂಕದ್ದು ಎಂದು ಗೊತ್ತಾಗದು. ಅದರ ಬಣ್ಣವೂ ತೀರ ತಿಳಿ: ಬಿಳಿಯ ಮೇಲೆ #999999 ಬೂದು ಬಣ್ಣದ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅಂತರ) ಸುಮಾರು 2.85:1, ಎಲ್ಲರಿಗೂ ಓದಲು ಬರುವಂತೆ ಸ್ಕ್ರೀನ್ ಮಾಡಲೆಂದಿರುವ ಡಬ್ಲ್ಯುಸಿಎಜಿ ಮಾನದಂಡ ಸಾಮಾನ್ಯ ಅಕ್ಷರಕ್ಕೆ ಕೇಳುವುದು 4.5:1. ಎಪಿಎಂಸಿ ಅಂಗಳದ ಬಿಸಿಲಿಗೆ ಹಿಡಿದ ಫೋನಿನಲ್ಲಿ ಆ ಅಕ್ಷರ ಕಾಣುವುದೇ ಇಲ್ಲ. ಲೇಬಲ್ ಖಾನೆಯ ಮೇಲೆ ಸದಾ ಇರಲಿ, ಬಣ್ಣ #767676ಕ್ಕಿಂತ ತಿಳಿಯಾಗದಿರಲಿ, ಒತ್ತುವ ಜಾಗ ಆಂಡ್ರಾಯ್ಡ್‌ನಲ್ಲಿ 48 ಡಿಪಿಗಿಂತ (ಡಿಪಿ ಅಂದರೆ ಅಲ್ಲಿನ ಅಳತೆಯ ಘಟಕ) ಕಿರಿದಾಗದಿರಲಿ.

ಕನ್ನಡದ್ದೇ ಬೇರೆ ತೊಂದರೆ. ಇಂಗ್ಲಿಷ್ ಅಕ್ಷರ ಹಾಕಿ ನೋಡಿದ ಬಟನ್‌ಗೆ 1.2 ಲೈನ್ ಹೈಟ್ (ಅಕ್ಷರದ ಗಾತ್ರಕ್ಕೆ ಹೋಲಿಸಿದ ಸಾಲಿನ ಎತ್ತರ) ಸಾಕೆನಿಸುತ್ತದೆ, ಕನ್ನಡ ಹಾಕಿದೊಡನೆ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗಬಹುದು. 1.5ರಿಂದ 1.6 ಇಟ್ಟು ನೋಡಿ, ಬಟನ್ ಎತ್ತರವನ್ನು ಕಟ್ಟಿಹಾಕಬೇಡಿ. ಹೆಸರು ಕತ್ತರಿಸುವುದಂತೂ ಇನ್ನೂ ಅಪಾಯ. 'ಮಲ್ಲಿಕಾರ್ಜುನಪ್ಪ' ನಮ್ಮ ಕಣ್ಣಿಗೆ 6 ಅಕ್ಷರ, ಕಂಪ್ಯೂಟರ್ ಅಕ್ಷರ ಉಳಿಸುವ ಯೂನಿಕೋಡ್‌ನಲ್ಲಿ 15 ಸಂಕೇತ. ಪಟ್ಟಿಯಲ್ಲಿ 12 ಸಂಕೇತಕ್ಕೆ ಕತ್ತರಿಸಿದರೆ ಉಳಿಯುವುದು 'ಮಲ್ಲಿಕಾರ್ಜುನ', ಅಂದರೆ ಇನ್ನೊಬ್ಬ ರೈತ. ಎರಡು ಸಾಲಾದರೂ ಸರಿ, ಪೂರ್ತಿ ಹೆಸರು ತೋರಿಸಿ.

ಬ್ಯಾಂಕ್ ಖಾತೆ ಸಂಖ್ಯೆಯನ್ನು ನಂಬರ್ ಎಂದು ಉಳಿಸಿದರೆ ಅದರ ಆರಂಭದ ಸೊನ್ನೆಗಳು ಹೋಗುತ್ತವೆ. ಅದು ಟೆಕ್ಸ್ಟ್ ಆಗಿರಲಿ, ಕೀಬೋರ್ಡ್ ಮಾತ್ರ ಅಂಕಿಯದು ಬರಲಿ. ಬ್ಯಾಂಕ್ ಶಾಖೆಯ ಗುರುತಾದ ಐಎಫ್‌ಎಸ್‌ಸಿಯ 11 ಅಕ್ಷರ-ಅಂಕಿಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ 'ಓ' ಅಕ್ಷರ ಬಂದರೆ ಆ್ಯಪ್ ತಾನೇ ತಿದ್ದಿಕೊಳ್ಳಲಿ.

ಇದೆಲ್ಲ ಮೊದಲೇ ತಿಳಿಯುವ ದಾರಿ ಇದೆ. ಸ್ಕ್ರೀನ್ ವಿನ್ಯಾಸ ಮಾಡುವ ಫಿಗ್ಮಾ ತೆರೆಯುವ ಮುಂಚೆ ಒಂದು ಬೆಳಿಗ್ಗೆ ವೇ ಬ್ರಿಡ್ಜ್ ಪಕ್ಕ ನಿಂತು, ಯಾವ ಮಾಹಿತಿ ಯಾವ ಹೊತ್ತಿಗೆ ಯಾರ ಕೈಗೆ ಬರುತ್ತದೆಂದು ಕ್ರಮವಾಗಿ ಬರೆದುಕೊಳ್ಳಿ. ಕಾಗದದ ಮೇಲೆ ಸ್ಕ್ರೀನ್ ಗೀಚಿ ಗುಮಾಸ್ತರ ಮುಂದಿಡಿ. ಒಂದು ಸುತ್ತಿಗೆ 5 ಜನ ಸಾಕು, ತಿದ್ದಿ ಮತ್ತೆ ಪರೀಕ್ಷಿಸಿ ಎಂದು ಬಳಕೆ-ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ವಾದಿಸಿದ್ದರು. "ಹೆಂಗೈತ್ರೀ?" ಎಂದು ಮಾತ್ರ ಕೇಳಬೇಡಿ. ಮರ್ಯಾದೆಗೆ ಎಲ್ಲರೂ "ಚಲೋ ಐತ್ರೀ" ಅಂತಾರೆ. "ಈ ಗಾಡಿಯ ಚೀಟಿ ಮಾಡ್ರಿ" ಎಂದು ಕೆಲಸ ಕೊಟ್ಟು ಸುಮ್ಮನಿರಿ. ಬೆರಳು ತಡೆದು ನಿಂತ ಖಾನೆಗಳನ್ನು ಬರೆದುಕೊಳ್ಳಿ. ನಿಮ್ಮ ಬಾಯಿಂದ ವಿವರಣೆ ಬೇಕಾದ ಖಾನೆ ಯಾವುದಿದೆಯೋ ಅದನ್ನು ರಿಲೀಸ್‌ಗೆ ಮೊದಲೇ ಬದಲಿಸಿ.