ಎಂಪಿಸಿ ಒನ್ ಮತ್ತು ಎರಡು ಸಿಂಥ್: ಬಳಸಿ ಹಳತಾದ ಮೇಲೆ ಬರೆದ ವಿಮರ್ಶೆ

ಅಕಾಯ್ ಎಂಪಿಸಿ ಒನ್ ಎಂಬ, ಕಂಪ್ಯೂಟರ್ ಇಲ್ಲದೆ ಹಾಡು ಕಟ್ಟುವ ಯಂತ್ರದ ಬಗ್ಗೆ ಬರೆದವರೆಲ್ಲ ಅದರ ಪ್ಯಾಡು, ಟಚ್‌ಸ್ಕ್ರೀನು, ಒಳಗೆ ತುಂಬಿರುವ ಸೌಂಡುಗಳ ಬಗ್ಗೆ ಬರೆದಿದ್ದಾರೆ. ಅದನ್ನೆಲ್ಲ ನೀವು ಓದಿರುತ್ತೀರಿ, ಬಿಡಿ. ನಾನು ಇದನ್ನು ಕೊಂಡದ್ದು ಬೇರೆ ಕೆಲಸಕ್ಕೆ. ಮೇಜಿನ ಮೇಲೆ ಆಗಲೇ ಎರಡು ಸಿಂಥ್ (ಸಿಂಥಸೈಜರ್, ಅಂದರೆ ಕರೆಂಟಿನಿಂದ ಸ್ವರ ಹುಟ್ಟಿಸುವ ಕೀಬೋರ್ಡ್) ಇದ್ದವು, ಒಂದು ಕಾರ್ಗ್ ಮಿನಿಲಾಗ್, ಇನ್ನೊಂದು ಕಾರ್ಗ್ ವೋಲ್ಕಾ ಕೀಸ್. ಸೌಂಡಿಗೆ ಕೊರತೆ ಇರಲಿಲ್ಲ. ಎರಡನ್ನೂ ಒಂದೇ ತಾಳಕ್ಕೆ ಕಟ್ಟಿಹಾಕಿ, ನುಡಿಸಿದ್ದನ್ನು ನೆನಪಿಟ್ಟುಕೊಳ್ಳುವ ಯಂತ್ರ ಬೇಕಿತ್ತು. ಕಂಪ್ಯೂಟರ್ ಬೇಡ. ಹಗಲೆಲ್ಲ ಆಫೀಸಿನಲ್ಲಿ ನೋಡಿದ ಸ್ಕ್ರೀನನ್ನೇ ರಾತ್ರಿಯೂ ನೋಡುವ ಸಂಕಟ ನನಗಾಗದು.

ಕೈಯಲ್ಲಿದ್ದದ್ದು ₹50,000. ಹಾಗಾಗಿ ಸೆಕೆಂಡ್ ಹ್ಯಾಂಡ್ ಅಂತ ಮೊದಲೇ ತೀರ್ಮಾನವಾಗಿತ್ತು. ನೋವೇಶನ್‌ನ ಸರ್ಕ್ಯೂಟ್ ಟ್ರ್ಯಾಕ್ಸ್ ನೋಡಿದೆ. ಒಳಗೇ ಬ್ಯಾಟರಿ ಇದೆ, ಚಿಕ್ಕದು, ಚೊಕ್ಕದು. ಹೊರಗಿನ ಸಿಂಥ್‌ಗೆ ಎರಡು ಮಿಡಿ ಟ್ರ್ಯಾಕ್ ಕೊಡುತ್ತದೆ. ಮಿಡಿ ಅಂದರೆ ಯಾವ ಸ್ವರ, ಯಾವಾಗ ಎಂದು ವಾದ್ಯಗಳು ಒಂದಕ್ಕೊಂದು ಹೇಳಿಕೊಳ್ಳುವ ಭಾಷೆ; ಅದರಲ್ಲಿ ಹೋಗುವುದು ಸೂಚನೆ, ಸದ್ದಲ್ಲ. ನನಗೆ ಇವತ್ತಿಗೆ ಎರಡು ಸಾಕು, ಆದರೆ ಸಿಂಥ್ ಕೊಳ್ಳುವವರು ಎರಡಕ್ಕೆ ನಿಲ್ಲುವುದಿಲ್ಲ ಅಲ್ವಾ? ಎಲೆಕ್ಟ್ರಾನ್‌ನ ಹಳೆಯ ಡಿಜಿಟ್ಯಾಕ್ಟ್‌ನಲ್ಲಿ ಎಂಟು ಮಿಡಿ ಟ್ರ್ಯಾಕ್ ಇವೆ. ಒಂದೊಂದಕ್ಕೂ ಬೇರೆ ಬೇರೆ ಉದ್ದ ಕೊಡಬಹುದು, ಐದು ಸ್ಟೆಪ್ಪಿನ ಮೇಲೆ ಏಳು ಸ್ಟೆಪ್ಪಿನದನ್ನು ಓಡಿಸಬಹುದು. ಸ್ಟೆಪ್ ಸ್ಟೆಪ್ ಆಗಿ ಯೋಚಿಸುವವರಿಗೆ ಅದೇ ಸರಿ. ನಾನು ನುಡಿಸಿಕೊಂಡು ಹೋಗಿ ಆಮೇಲೆ ತಿದ್ದುವವನು. ಜೊತೆಗೆ ಅದು ಸ್ಯಾಂಪಲ್ (ಹೊರಗಿನ ಸದ್ದಿನ ತುಣುಕು) ತಗೊಳ್ಳುವುದು ಮೋನೋದಲ್ಲಿ, ಎಡ ಬಲ ಬೇರೆ ಇಲ್ಲದೆ. ಕೊನೆಗೆ ಉಳಿದದ್ದು 2020ರಲ್ಲಿ ಬಂದ ಎಂಪಿಸಿ ಒನ್.

ಇಷ್ಟವಾದದ್ದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಆಮೇಲೆ ಬಯ್ಯುವುದು ಜಾಸ್ತಿ ಇದೆ.

ಪ್ರಾಜೆಕ್ಟ್ ತೆರೆದರೆ ಮಿನಿಲಾಗ್ ತಾನಾಗಿಯೇ ಸರಿಯಾದ ಸೌಂಡಿಗೆ ಬಂದು ನಿಲ್ಲುತ್ತದೆ. ಮಿಡಿ ಟ್ರ್ಯಾಕಿನಲ್ಲಿ ಆ ಸೌಂಡಿನ ಬ್ಯಾಂಕ್ ಮತ್ತು ಪ್ರೋಗ್ರಾಂ ನಂಬರ್ ಒಮ್ಮೆ ಹಾಕಿಟ್ಟರೆ ಆಯಿತು. ಹಳೆಯ ಹಾಡೊಂದನ್ನು ತಿಂಗಳ ನಂತರ ತೆರೆದು ಪ್ಲೇ ಒತ್ತಿದಾಗ ಅದೇ ಬೇಸ್, ಅದೇ ಫಿಲ್ಟರ್ (ಸೌಂಡನ್ನು ಮಂಕು ಅಥವಾ ಚುರುಕು ಮಾಡುವ ಭಾಗ). ಸಣ್ಣ ವಿಷಯ ಅನ್ನಿಸಬಹುದು. ಇದಕ್ಕೂ ಮುಂಚೆ ನನ್ನ ಅರ್ಧ ಸಂಜೆ "ಅವತ್ತು ಯಾವ ಸೌಂಡ್ ಇತ್ತಪ್ಪಾ" ಎಂದು ಹುಡುಕುವುದರಲ್ಲೇ ಮುಗಿಯುತ್ತಿತ್ತು. ಈಗ ಅದಕ್ಕೊಂದು ಶಾಸ್ತ್ರವಿದೆ: ಏಳುವ ಮುಂಚೆ ಮಿನಿಲಾಗ್‌ನಲ್ಲಿ ಸೌಂಡ್ ಸೇವ್, ಆಮೇಲೆ ಎಂಪಿಸಿಯಲ್ಲಿ ಪ್ರಾಜೆಕ್ಟ್ ಸೇವ್, ಆಮೇಲೆ ವೋಲ್ಕಾದ ಒಂದು ಫೋಟೋ. ಹೌದು, ಫೋಟೋ. ವೋಲ್ಕಾ ಕೀಸ್‌ಗೆ ಸೌಂಡ್ ನೆನಪಿಡುವ ಶಕ್ತಿ ಇಲ್ಲ, ನಾಬ್ ಎಲ್ಲಿದೆಯೋ ಅದೇ ಸೌಂಡು. ಹಾಗಾಗಿ ನನ್ನ ಫೋನಿನಲ್ಲಿ ಮಗಳ ಫೋಟೋಗಳ ನಡುನಡುವೆ ನಾಬುಗಳ ಫೋಟೋಗಳಿವೆ. ಫೋಟೋದಲ್ಲಿ ಕಾಣುವಂತೆ ಹಾಡಿನ ಹೆಸರಿನ ಚೀಟಿಯೊಂದನ್ನು ಪಕ್ಕಕ್ಕಿಡುತ್ತೇನೆ.

ಎರಡನೆಯದು, ರೆಕಾರ್ಡ್ ಒತ್ತದೆ ಸುಮ್ನೆ ನುಡಿಸುತ್ತಿದ್ದದ್ದನ್ನೂ ಅದು ಹಿಡಿದಿಟ್ಟುಕೊಂಡಿರುತ್ತದೆ. ರೆಟ್ರೋಸ್ಪೆಕ್ಟಿವ್ ರೆಕಾರ್ಡ್ ಅಂತ ಅದರ ಹೆಸರು. ಕೆಂಪು ದೀಪ ಹತ್ತಿದ ತಕ್ಷಣ ಬೆರಳು ಬಿಗಿಯಾಗುವವರಿಗೆ ಇದು ವರ. ಮಿನಿಲಾಗ್‌ನ ನಾಬ್ ತಿರುಗಿಸಿದರೂ ಅದರ ಮಿಡಿ ಸಂದೇಶ ಟ್ರ್ಯಾಕಿನಲ್ಲಿ ಕೂರುತ್ತದೆ, ಮತ್ತೆ ಪ್ಲೇ ಮಾಡಿದಾಗ ಫಿಲ್ಟರ್ ತಾನೇ ತೆರೆಯುತ್ತದೆ. ಆ ಸಂದೇಶದಲ್ಲಿ 0ಯಿಂದ 127ರವರೆಗೆ ಮಾತ್ರ ಹಂತಗಳಿರುವುದರಿಂದ, ತುಂಬಾ ನಿಧಾನಕ್ಕೆ ತೆರೆದರೆ ಮೆಟ್ಟಿಲು ಹತ್ತಿದ ಹಾಗೆ ಕೇಳಿಸುತ್ತದೆ. ನನಗೆ ಪರವಾಗಿಲ್ಲ. ಮಿನಿಲಾಗ್‌ನಲ್ಲಿ ಲೋಕಲ್ ಆಫ್ ಮಾಡಿ, ಅದರ ಕೀಲಿಗೂ ಸದ್ದಿಗೂ ಇರುವ ನೇರ ಕೊಂಡಿ ಬಿಡಿಸುವುದನ್ನು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ಒಂದು ಕೀಲಿ ಒತ್ತಿದರೆ ನೇರವಾಗಿ ಒಂದು ಸಲ, ಎಂಪಿಸಿ ಸುತ್ತಿ ಬಂದು ಇನ್ನೊಂದು ಸಲ ನುಡಿಯುತ್ತದೆ. ಮಿನಿಲಾಗ್ ಒಟ್ಟಿಗೆ ನುಡಿಸಬಲ್ಲ ನಾಲ್ಕು ಧ್ವನಿ ಎರಡೇ ಸ್ವರಕ್ಕೆ ಖಾಲಿ.

ಇನ್ನು ಕೇಬಲ್.

ಎಂಪಿಸಿ ಒನ್‌ಗೆ ಇರುವುದು ಒಂದೇ ಮಿಡಿ ಔಟ್. ವೋಲ್ಕಾಗೆ ಇರುವುದು ಮಿಡಿ ಇನ್ ಮಾತ್ರ. ಮಿನಿಲಾಗ್‌ಗೆ ಇನ್ ಇದೆ, ಔಟ್ ಇದೆ, ಬಂದದ್ದನ್ನು ಹಾಗೇ ಮುಂದೆ ಕಳಿಸುವ ಥ್ರೂ ಇಲ್ಲ. ಲೆಕ್ಕ ಹಾಕಿ ನೋಡಿ, ಒಂದು ಔಟಿನಿಂದ ಎರಡು ಸಿಂಥ್‌ಗೆ ಹೋಗುವ ದಾರಿಯೇ ಇಲ್ಲ. ಎಂಪಿಸಿಯ ಹಿಂದೆ ಒಂದು ಯುಎಸ್‌ಬಿ ಕಿಂಡಿ ಇದೆಯಲ್ಲ, ಮಿನಿಲಾಗನ್ನು ಅದಕ್ಕೆ, ವೋಲ್ಕಾವನ್ನು ಮಿಡಿ ಔಟಿಗೆ ಹಾಕಿದೆ. ಖರ್ಚಿಲ್ಲದೆ ಕೆಲಸ ಆಯಿತು. ನೋಟುಗಳೂ ಸರಿಯಾಗಿ ಹೋದವು.

ಆಮೇಲೆ ಮಿನಿಲಾಗ್‌ನ ಆಡಿಯೋ ಕೇಬಲನ್ನು ಎಂಪಿಸಿಯ ಇನ್‌ಪುಟ್ಟಿಗೆ ಚುಚ್ಚಿದೆ. ಗುಂಯ್ ಎನ್ನುವ ಸದ್ದು ಶುರುವಾಯಿತು. ಬರೀ ಗುಂಯ್ ಅಲ್ಲ, ಅದರ ಮೇಲೆ ಸಣ್ಣಗೆ ಕೀಂಯ್ ಅಂತ ಇನ್ನೊಂದು. ಸ್ಪೀಕರಿನಲ್ಲಿ ಕೇಳಿಸಿದ್ದು ಅಡುಗೆಮನೆಗೂ ಹೋಯಿತು. "ರೀ, ಮಿಕ್ಸಿ ನಾನು ಹಾಕಿಲ್ಲ, ಇದೇನು ಸದ್ದು?" ಎಂದು ಹೆಂಡತಿ ಬಂದು ಕೇಳಿದಳು.

ಇದು ಯಾವ ಕಂಪನಿಯ ತಪ್ಪೂ ಅಲ್ಲ, ವೈರಿಂಗಿನ ಸ್ವಭಾವ. ಯುಎಸ್‌ಬಿ ಕೇಬಲ್ಲಿನಲ್ಲಿ ಗ್ರೌಂಡ್ ತಂತಿ ಇದೆ. ಆಡಿಯೋ ಕೇಬಲ್ಲಿನ ಹೊರ ಕವಚವೂ ಗ್ರೌಂಡ್. ಎರಡೂ ಸೇರಿ ಒಂದು ಬಳೆಯಾಗುತ್ತದೆ. ಆ ಬಳೆಯಲ್ಲಿ ಸುತ್ತುವ ಕರೆಂಟು ಆಡಿಯೋಗೆ ಇಳಿಯುತ್ತದೆ. ಇದನ್ನು ಗ್ರೌಂಡ್ ಲೂಪ್ ಅನ್ನುತ್ತಾರೆ. 1983ರಲ್ಲಿ ಬಂದ ಹಳೆಯ ಐದು ಪಿನ್ನಿನ ಮಿಡಿಯಲ್ಲಿ ಈ ತಾಪತ್ರಯವೇ ಇಲ್ಲ. ಮಿಡಿ ಇನ್ ಇರುವ ಕಡೆ ಆಪ್ಟೋ ಐಸೊಲೇಟರ್ ಎಂಬ ಪುಟ್ಟ ಚಿಪ್ ಇರುತ್ತದೆ. ಈ ಕಡೆಯ ಕರೆಂಟು ಅದರೊಳಗಿನ ದೀಪ ಹತ್ತಿಸುತ್ತದೆ, ಆ ಕಡೆಯದು ಬೆಳಕನ್ನು ಓದುತ್ತದೆ. ಎರಡೂ ಯಂತ್ರಗಳ ಗ್ರೌಂಡ್ ಒಂದನ್ನೊಂದು ಮುಟ್ಟುವುದೇ ಇಲ್ಲ. ನಲವತ್ತು ವರ್ಷದ ಹಿಂದಿನವರು ಮಾಡಿಟ್ಟ ಉಪಾಯ, ಇವತ್ತಿನ ಯುಎಸ್‌ಬಿಯಲ್ಲಿ ಇಲ್ಲ.

ಸರಿ, ಒಂದು ಮಿಡಿ ಥ್ರೂ ಬಾಕ್ಸ್ ತರಿಸಿದೆ. ಒಂದು ಇನ್, ನಾಲ್ಕು ಔಟ್. ಮಿನಿಲಾಗ್‌ನ ಯುಎಸ್‌ಬಿ ಕೇಬಲ್ ಬಿಚ್ಚಿದ ಕ್ಷಣ ಗುಂಯ್ ನಿಂತಿತು. ಆದರೆ ಬಾಕ್ಸಿಗೂ ಒಂದು ಅಡಾಪ್ಟರ್. ಎಂಪಿಸಿಗೆ ಒಂದು, ಮಿನಿಲಾಗ್‌ಗೆ ಒಂದು, ಸ್ಪೀಕರಿಗೆ ಒಂದು. ವೋಲ್ಕಾವನ್ನೂ ಅಡಾಪ್ಟರಿಗೆ ಹಾಕಿದರೆ ಮತ್ತೆ ಸಣ್ಣಗೆ ಸದ್ದು, ಹಾಗಾಗಿ ಅದಕ್ಕೆ ಆರು ಸೆಲ್ಲು. ರೀಚಾರ್ಜ್ ಆಗುವ ಸೆಲ್ಲುಗಳ ಎರಡು ಸೆಟ್ ಇಟ್ಟುಕೊಂಡಿದ್ದೇನೆ. ಥ್ರೂ ಬಾಕ್ಸು, ಕೇಬಲ್ಲು, ಸೆಲ್ಲು, ಚಾರ್ಜರು, ಉದ್ದನೆಯ ಎಕ್ಸ್‌ಟೆನ್ಶನ್ ಬೋರ್ಡು ಎಲ್ಲ ಸೇರಿಸಿದರೆ ಬಜೆಟ್ ಎಲ್ಲಿಗೆ ಹೋಯಿತು ಅಂತ ಕೇಳಬೇಡಿ. "ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ" ಎನ್ನುವ ಮಾತು ಆ ಪೆಟ್ಟಿಗೆಯೊಳಗಿನ ಸೌಂಡನ್ನೇ ಬಳಸುವವರಿಗೆ ನಿಜ. ಹೊರಗೆ ಸಿಂಥ್ ಇಟ್ಟುಕೊಂಡವರಿಗೆ ಮೇಜಿನ ಮೇಲಿನ ಪೆಟ್ಟಿಗೆ ಒಂದೇ, ಮೇಜಿನ ಕೆಳಗಿನವು ಐದು.

ಬ್ಯಾಟರಿ ಇಲ್ಲದಿರುವುದು ಇನ್ನೊಂದು ಕಿರಿಕಿರಿ. ನಮ್ಮ ಬೀದಿಯಲ್ಲಿ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಸೇವ್ ಮಾಡದ ಎಂಟು ಬಾರ್ ಸಂಗೀತ ಹಾಗೇ ಗಾಳಿಗೆ ಹೋದದ್ದುಂಟು. ಈಗ ಮನೆಯ ಯುಪಿಎಸ್ ಲೈನಿಗೆ ಹಾಕಿಕೊಂಡಿದ್ದೇನೆ, ನಿಭಾಯಿಸುತ್ತದೆ. ಬ್ಯಾಟರಿಯೂ ಎರಡು ಮಿಡಿ ಔಟೂ ಬೇಕೇ ಬೇಕು ಅನ್ನುವವರಿಗೆ ಇದೇ ಮನೆತನದ ಎಂಪಿಸಿ ಲೈವ್ 2 ಇದೆ. ಅದರ ಬೆಲೆ ನನ್ನ ಜೇಬಿನ ಆಚೆ. ಎಂಪಿಸಿ ಒನ್ ಪ್ಲಸ್ ಎಂಬುದು 2023ರಲ್ಲಿ ಬಂತು, ಅದರಲ್ಲಿ ವೈಫೈ, ಬ್ಲೂಟೂತ್ ಸೇರಿಸಿದ್ದಾರೆ. ಬ್ಯಾಟರಿ ಅದರಲ್ಲೂ ಇಲ್ಲ.

ಇಷ್ಟೆಲ್ಲ ಬೈದ ಮೇಲೂ ಇದನ್ನು ಮಾರಿಲ್ಲ. ಕಾರಣ ತಾಳ.

ಎಂಪಿಸಿಯಲ್ಲಿ ಪ್ರತಿ ಸೀಕ್ವೆನ್ಸಿಗೂ, ಅಂದರೆ ಹಾಡಿನ ಪ್ರತಿ ತುಣುಕಿಗೂ, ಬೇರೆ ಟೈಮ್ ಸಿಗ್ನೇಚರ್ (ತಾಳದ ಅಳತೆ) ಕೊಡಬಹುದು. 7/8 ಇಟ್ಟರೆ ಮಿಶ್ರ ಛಾಪು, 5/8 ಇಟ್ಟರೆ ಖಂಡ ಛಾಪು. ಇದು ಬೇರೆಯವುಗಳಲ್ಲೂ ಹೇಗೋ ಆಗುತ್ತದೆ. ನನಗೆ ನಿಜಕ್ಕೂ ಬೇಕಾಗಿದ್ದದ್ದು ಖಂಡ ನಡೆ, ಅಂದರೆ ಒಂದು ಬೀಟಿಗೆ ಸರಿಯಾಗಿ ಐದು ಪೆಟ್ಟು, ತಕತಕಿಟ. ನುಡಿಸಿದ್ದನ್ನು ತಾಳಕ್ಕೆ ಸರಿಯಾಗಿ ಕೂರಿಸುವ ಕ್ವಾಂಟೈಸ್ ಪಟ್ಟಿಯಲ್ಲಿ ಮೂರಕ್ಕೆ ಜಾಗ ಇದೆ, ಐದಕ್ಕೆ ಇಲ್ಲ. ಆದರೆ ಎಂಪಿಸಿ ಒಂದು ಬೀಟನ್ನು 960 ಟಿಕ್ ಆಗಿ ಒಡೆಯುತ್ತದೆ. 960ನ್ನು ಐದರಿಂದ ಭಾಗಿಸಿದರೆ ಶೇಷವೇ ಇಲ್ಲದೆ 192. ನೋಟುಗಳನ್ನು ಪಟ್ಟಿಯಾಗಿ ತೋರಿಸುವ ಲಿಸ್ಟ್ ಎಡಿಟ್ ತೆರೆದು ನೋಟುಗಳನ್ನು 0, 192, 384, 576, 768ರಲ್ಲಿ ಕೂರಿಸಿದೆ. ಪ್ಲೇ ಒತ್ತಿದೆ. ವೋಲ್ಕಾ ತಕತಕಿಟ ಅನ್ನತೊಡಗಿತು, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಚಿಕ್ಕಂದಿನಲ್ಲಿ ಮೃದಂಗದ ಪಾಠಕ್ಕೆ ಹೋಗಿ ಖಂಡ ನಡೆಯಲ್ಲಿ ಎಡವುತ್ತಿದ್ದ ನನಗೆ ಅದನ್ನು ಕೇಳಿ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಒಂದು ಬೀಟಿನ ಮಾದರಿ ಮಾಡಿಟ್ಟುಕೊಂಡರೆ ಆಮೇಲೆ ಕಾಪಿ, ಪೇಸ್ಟ್. ಮಿಶ್ರ ನಡೆಗೆ ಈ ಲೆಕ್ಕ ಕೂಡಿಬರುವುದಿಲ್ಲ, 960 ಏಳಕ್ಕೆ ಸರಿಯಾಗಿ ಒಡೆಯದು. 137, 274 ಹೀಗೆ ಹತ್ತಿರದ ಅಂಕಿ ಹಾಕುತ್ತೇನೆ, ವ್ಯತ್ಯಾಸ ಕಿವಿಗೆ ಸಿಗದು.

ಇದರ ಕೆಳಗೆ ತಂಬೂರಿ. ಮನೆಯಲ್ಲಿ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿ ಇದೆ, ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ರೂಪಿಸಿದ ವಾದ್ಯದ ವಂಶದ್ದು. ಅದನ್ನು ಎಂಪಿಸಿಗೆ ಸ್ಯಾಂಪಲ್ ಮಾಡಿಕೊಂಡು ಒಂದು ಪ್ಯಾಡಿಗೆ ಹಾಕಿದ್ದೇನೆ. ತಂಬೂರಿಯ ಮೇಲೆ ಮಿನಿಲಾಗ್‌ನ ಅಂತರ ಗಾಂಧಾರ ನಿಲ್ಲಿಸಿದರೆ ಸ್ವಲ್ಪ ಏರಿದಂತೆ ಕೇಳಿಸುತ್ತದೆ, ಕೀಬೋರ್ಡಿನ ಶ್ರುತಿಯೇ ಹಾಗೆ. ಸ್ವರವನ್ನು ಮೇಲೆ ಕೆಳಗೆ ಎಳೆಯುವ ಪಿಚ್ ಬೆಂಡ್ ಸಂದೇಶವನ್ನು ಒಂದು ಚೂರು ಕೆಳಗೆ ಬರೆದಿಟ್ಟರೆ ಕೂಡುತ್ತದೆ. ಆದರೆ ಬೆಂಡ್ ಎಲ್ಲ ಸ್ವರವನ್ನೂ ಒಟ್ಟಿಗೇ ಎಳೆಯುತ್ತದೆ, ಒಂದೊಂದೇ ಸ್ವರ ನುಡಿಸುವಾಗ ಮಾತ್ರ ಈ ಉಪಾಯ.

ರೆಕಾರ್ಡಿಂಗ್ ಬಗ್ಗೆ ಒಂದು ಮಾತು. ಇನ್‌ಪುಟ್ ಇರುವುದು ಎರಡೇ, ಎಡ ಮತ್ತು ಬಲ. ಅದನ್ನೇ ಕೊರತೆ ಅಂತ ಬಯ್ಯುವವರಿದ್ದಾರೆ. ಮಿನಿಲಾಗ್‌ನ ಔಟ್‌ಪುಟ್ ಮೋನೋ, ವೋಲ್ಕಾದ ಸದ್ದೂ ಅಷ್ಟೇ. ಎಡಕ್ಕೆ ಒಂದು, ಬಲಕ್ಕೆ ಒಂದು ಹಾಕಿ ಎರಡು ಮೋನೋ ಟ್ರ್ಯಾಕಾಗಿ ಬೇರೆ ಬೇರೆ ಹಿಡಿಯುತ್ತೇನೆ. ವೋಲ್ಕಾದ ಹೆಡ್‌ಫೋನ್ ತೂತಿಗೆ ಕವಲು ಕೇಬಲ್ ಬೇಕು, ಅದರ ಒಂದು ಕವಲು ಸುಮ್ನೆ ನೇತಾಡುತ್ತಿರುತ್ತದೆ. ಸ್ಟೀರಿಯೋ ಸಿಂಥ್ ಇರುವವರು ಮಿಕ್ಸರ್ ಲೆಕ್ಕವನ್ನೂ ಹಾಕಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೋಗುವವರು ಹೆಡ್‌ಫೋನ್ ಜೊತೆಗೆ ನಿಮ್ಮ ಸಿಂಥನ್ನೂ ಒಂದು ಮಿಡಿ ಕೇಬಲ್ಲನ್ನೂ ಒಯ್ಯಿರಿ. ಮಾರುವವರು ಡ್ರಮ್ ಬಾರಿಸಿ ತೋರಿಸುತ್ತಾರೆ, ಪ್ಯಾಡು ಚೆನ್ನಾಗೇ ಇರುತ್ತದೆ. ನೀವು ಹಿಂದಿನ ಕಿಂಡಿಗಳನ್ನು ನೋಡಿ. ಮಿಡಿ ಇನ್ ಮತ್ತು ಔಟ್ ಎರಡಕ್ಕೂ ಕೇಬಲ್ ಹಾಕಿ ಒಂದು ಸ್ವರ ಕಳಿಸಿ, ಒಂದು ಸ್ವರ ತರಿಸಿ. ಆಡಿಯೋ ಇನ್ ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಅಡಾಪ್ಟರ್ ಇದರದ್ದೇ 19 ವೋಲ್ಟಿನದಾ ಅಂತ ಓದಿ ನೋಡಿ. ಮತ್ತು ಹಣ ಎಣಿಸುವ ಮುಂಚೆ ಥ್ರೂ ಬಾಕ್ಸಿನ ಬೆಲೆಯನ್ನು ಪಕ್ಕಕ್ಕೆ ತೆಗೆದಿಟ್ಟುಕೊಳ್ಳಿ.